ಆರುನೂರ ಇಪ್ಪತ್ತನೆಯ ಅಡಿ

ಕೋಣನಕುಂಟೆ, ರಾತ್ರಿ ಒಂದೂವರೆ.
ರಿಗ್ಗು ನಿಂತರೂ ಕಿವಿಯೊಳಗೆ ಇನ್ನೂ ಕೊರೆಯುತ್ತಿದೆ.
ಪಳನಿವೇಲು ಹತ್ತಡಿಗೊಂದು ಗುಪ್ಪೆ
ಕಲ್ಲಿನ ಪುಡಿ ಸುರಿದಿದ್ದಾನೆ ಕಾಂಪೌಂಡಿನುದ್ದಕ್ಕೂ,
ಗೆರೆ ಎಳೆಯಲು ಮರೆತ ರಂಗೋಲಿಯ ಚುಕ್ಕಿ.

ಟಾರ್ಚು ಹಿಡಿದು ಒಂದೊಂದನ್ನೇ ಓದುತ್ತೇನೆ.
ಬಿಳಿ, ಬಿಳಿ, ಬೂದು, ಮತ್ತೆ ಬಿಳಿ.
ಲಾಲ್‌ಬಾಗಿನ ಬಂಡೆಯ ದಾಯಾದಿ,
ಮುನ್ನೂರು ಕೋಟಿ ವರ್ಷ ಹನಿಯನ್ನೂ ಹೀರದ ಕಲ್ಲು.
ನೀರೇನಿದ್ದರೂ ಅದು ಒಡೆದಲ್ಲಿ.
ಆ ಒಡಕು ಹುಡುಕುವುದಕ್ಕೇ ನನಗೆ ಸಂಬಳ.

"ಅವನಿಗೆ ಮುನ್ನೂರ ನಲವತ್ತಕ್ಕೇ ಸಿಕ್ಕಿತು"
ಫಿಲೋಮಿನಾ ಟೀಚರು ಶಾಲು ಬಿಗಿದು ಹೇಳುತ್ತಾರೆ, ಏಳನೆಯ ಸಲ.
"ನನ್ನದು ಬತ್ತಿತು. ಎಳೆದುಕೊಂಡಿದ್ದು ಅವನೇ.
ಅರವತ್ತಡಿ ದೂರ, ಒಂದೇ ನೆಲ,
ನಡುವೆ ಇರುವುದು ಇದೊಂದು ಗೋಡೆ."

ಗೋಡೆಯಾಚೆ ಮುನಿವೆಂಕಟಪ್ಪನ ಸಂಪು
ತುಂಬಿ ಮೋರಿಗೆ ಹರಿಯುವ ಸದ್ದು.
ಅವನೂ ಮಲಗಿಲ್ಲ. ಬೀಡಿಯ ಕಿಡಿ ಕಾಣುತ್ತದೆ.

ಆರುನೂರ ಇಪ್ಪತ್ತನೆಯ ಗುಪ್ಪೆ
ಪುಡಿಯಲ್ಲ. ಮುದ್ದೆ.
ಬೆರಳಿಗೆ ಹತ್ತಿದ ಹಸಿರು ಜೇಡಿ, ಬೆಣ್ಣೆಯಷ್ಟು ನಯ.
ಎರಡು ಬಂಡೆ ಮೈಗೆ ಮೈ ತಿಕ್ಕಿ ಜಾರಿದಾಗ
ತಮ್ಮನ್ನೇ ತಾವು ಅರೆದುಕೊಂಡ ಹಿಟ್ಟು.
ಪುಸ್ತಕದಲ್ಲಿ ಇದಕ್ಕೆ ಸ್ತರಭಂಗ ಅಂತಾರೆ,
ಪಳನಿವೇಲು ಅನ್ನುವುದು ಬರೀ 'ಜಾರು'.

ಟೀಚರ್, ಗೋಡೆ ಎರಡಿವೆ.
ಇನ್ನೊಂದು ಕಾರ್ಪೊರೇಷನ್ ನಕ್ಷೆಯಲ್ಲಿಲ್ಲ.
ಅವರ ಸೈಟಿನಡಿ ಮುನ್ನೂರರ ಆಸುಪಾಸು ಹಾದು
ನಿಮ್ಮ ಕಡೆಗೆ ಕಡಿದಾಗಿ ಇಳಿಯುತ್ತದೆ.
ಅದರ ಕೆಳಮಗ್ಗುಲೆಲ್ಲ ನುಚ್ಚು ನೂರು,
ನೀರು ಗೋಡೆಗುಂಟ ಎಷ್ಟು ದೂರವಾದರೂ ನಡೆದೀತು,
ಗೋಡೆ ದಾಟಲು ಮಾತ್ರ
ಈ ಅಂಗೈಯಗಲದ ಜೇಡಿ ಬಿಡುವುದಿಲ್ಲ.
ಒಂದೇ ಬಿರುಕು.
ಉದ್ದಕ್ಕೆ ದಾರಿ, ಅಡ್ಡಕ್ಕೆ ಬಾಗಿಲು.

ಹಾಗಾಗಿ ಹದಿನಾಲ್ಕು ವರ್ಷ
ಅವರು ನಿಮ್ಮದೊಂದು ಹನಿ ಎಳೆದಿಲ್ಲ.
ಎಳೆಯಲು ಆಗುತ್ತಲೇ ಇರಲಿಲ್ಲ.
ನಿಮ್ಮ ಬಾವಿ ಬತ್ತಿದ್ದು ಬಹುಶಃ
ಮೇಲೆ ಹಾಕಿದ ಕಾಂಕ್ರೀಟಿಗೆ.

ಇನ್ನೊಂದು ಮಾತು ಹೇಳಬಾರದೇನೋ, ಹೇಳಿದೆ:
ಈಗ ನಿಂತಿರುವುದು ಜೇಡಿಯ ಹೊಸ್ತಿಲಲ್ಲಿ.
ಮೂವತ್ತಡಿ ಇಳಿಸಿದರೆ ನೀರು ಸಿಗಬಹುದು.
ಆದರೆ ಅದು ಅವರ ನೀರು.

"ಮೇಡಂ, ರಾಡು ಇಳಿಸಲಾ, ಎತ್ತಲಾ?"
ಪಳನಿವೇಲು ಎರಡು ಸಲ ಕೇಳಿದ.
ಬೆರಳಿನ ಮೇಲೆ ಜೇಡಿ ಒಣಗಿ ಬಿಗಿಯತೊಡಗಿತು.

ಟೀಚರು ನನಗೇನೂ ಹೇಳಲಿಲ್ಲ.
ಗೋಡೆಯ ಹತ್ತಿರ ಹೋಗಿ ತುದಿಗಾಲಲ್ಲಿ ನಿಂತರು,
ಮುನ್ನೂರ ನಲವತ್ತರ ಗುಪ್ಪೆ ಚಪ್ಪಲಿಯಡಿ ಚಪ್ಪಟೆಯಾಯಿತು.

"ಮುನಿವೆಂಕಟಪ್ಪನವರೇ,
ಎದ್ದಿದ್ದೀರಾ?"

ಕಿಡಿ
ಇದ್ದಲ್ಲೇ ಇತ್ತು, ಸ್ವಲ್ಪ ಹೊತ್ತು.