ಬೀನ್ಸ್ ಬೇಡ

ಶುಕ್ರವಾರದ ಸಂತೆಯಲ್ಲಿ ಮೂರು ದಿನಾರಿಗೆ
ಪೆಟ್ಟಿಗೆ ತುಂಬ ಪುಟ್ಟ ರೆಕಾರ್ಡು,
ಮುಚ್ಚಳ ಮುರಿದ ಪ್ಲೇಯರು.
ಹೊತ್ತು ತಂದವನು ಇದ್ದಿನಬ್ಬ. ಬೈದವರು ನಾವು ಮೂವರೂ:
ಫಹಾಹೀಲಿನ ಈ ಒಂದು ಕೋಣೆಯಲ್ಲಿ
ಕಾಲು ಚಾಚಲಿಕ್ಕೇ ಜಾಗವಿಲ್ಲ ಮಾರಾಯ,
ಇದನ್ನು ಎಲ್ಲಿ ಮಲಗಿಸುವುದು?

ಒಂದರ ಲಕೋಟೆಯೊಳಗಿಂದ ಜಾರಿ ಬಿತ್ತು
ಹಳದಿಗಟ್ಟಿದ ಚೀಟಿ, ನೀಲಿ ಶಾಯಿ:
ಡಾರ್ಲೀನ್, ಅಹ್ಮದಿ, ಐವತ್ತೆಂಟು.
ಚಿಲ್ಲಿ ಮಾಡುವ ಬಗೆ.
ಮೆಣಸೇ ಊಟದ ಹೆಸರಾ! ಕೊರಗಪ್ಪ ನಕ್ಕ,
ಹಾಗಾದರೆ ನಮ್ಮಲ್ಲಿ ದಿನಾ ಅದೇ.

ದನದ ಮಾಂಸ ಎರಡು ಪೌಂಡು, ಅಂದಿದ್ದಾಳೆ.
ಕೊರಗಪ್ಪನಿಗಾಗಿ ಕುರಿಯಾಯಿತು.
ಬಿಯರು ಅರ್ಧ ಡಬ್ಬಿ, ಅಂದಿದ್ದಾಳೆ.
ಈ ದೇಶದಲ್ಲೀಗ ಅದರ ಸುದ್ದಿಯೆತ್ತಬಾರದು;
ಸೆವರಿನ್ ನಿಟ್ಟುಸಿರಿಟ್ಟು ಒಂದು ಲೋಟ ಸುಲೈಮಾನಿ ಸುರಿದ.
ಒಣಮೆಣಸು ಬಿಸಿನೀರಲ್ಲಿ ನೆನೆಸಿ, ಬೀಜ ತೆಗೆದು,
ಜೀರಿಗೆ ಹುರಿದು, ಬೆಳ್ಳುಳ್ಳಿಯೊಡನೆ ಅರೆದು...
ಇದನ್ನು ಇವಳಿಗೆ ಯಾರು ಹೇಳಿಕೊಟ್ಟರು?
ಥೇಟು ನನ್ನ ದೊಡ್ಡಮ್ಮನ ಕೈ.
ಕೊನೆಗೆ, ಅಡಿಗೆರೆ ಎರಡು ಸಲ ಎಳೆದು:
ಬೀನ್ಸ್ ಬೇಡ. ಹಾಕುವವರು ನನ್ನ ಮೇಜಿಗೆ ಬರುವುದೂ ಬೇಡ.

ಮುಳ್ಳು ಇಟ್ಟರೆ ಮೊದಲು ಮರಳು ಉದುರುವ ಸದ್ದು.
ಆಮೇಲೆ ಆ ಆಳೆತ್ತರದ ತಂತಿವಾದ್ಯ,
ನುಡಿಸುವುದಲ್ಲ ಅದನ್ನು, ಬಡಿಯುವುದು,
ಒದ್ದೆ ಪಂಚೆಯನ್ನು ಒಗೆಯುವ ಕಲ್ಲಿಗೆ ಎತ್ತಿ ಹಾಕಿದ ಹಾಗೆ
ಟಪ್ಪಟ ಟಪ್ಪಟ.
ಅದರ ಮೇಲೆ ಗಿಟಾರು, ಕಾದ ಎಣ್ಣೆಗೆ ಬಿದ್ದ ಸಾಸಿವೆ.
ಬಿಕ್ಕಳಿಕೆ ಹತ್ತಿದವನಂತೆ ಹಾಡುತ್ತಾನೆ ಯಾವನೋ ಹುಡುಗ,
ಕಾರು ಅವನದೋ, ಹುಡುಗಿ ಯಾರದೋ, ಅರ್ಧ ತಿಳಿಯದು.
ರಾಕಬಿಲಿ ಅಂತಾರೆ ಇದಕ್ಕೆ, ಇದ್ದಿನಬ್ಬನ ಪಾಂಡಿತ್ಯ;
ಸಂತೆಯವನು ಹೇಳಿದ್ದು.
ಎರಡೇ ನಿಮಿಷದ ಹಾಡು, ಮೂರು ಗಂಟೆಯ ಅಡುಗೆ.
ಮಗುಚುವ ಕೆಲಸ ನನ್ನದು,
ಒಮ್ಮೆ ಮಾಂಸ, ಒಮ್ಮೆ ರೆಕಾರ್ಡು,
ಎರಡಕ್ಕೂ ಅದೇ ಈರುಳ್ಳಿ ಕೈ.

ಸಂಬಳಕ್ಕೆ ಇನ್ನೂ ಆರು ದಿನ.
ವಾಸನೆ ಹಿಡಿದು ಮೇಲಿನ ಮಹಡಿಯ ಇಬ್ಬರು ಇಳಿದು ಬಂದರು,
ಕಂಕುಳಲ್ಲಿ ಕುಬ್ಬೂಸಿನ ಕಟ್ಟು.
ತಪ್ಪಲೆಯೊಳಗೆ ಇಣುಕಿದೆ. ಆರು ತಲೆ ಎಣಿಸಿದೆ.
ರಾಜ್ಮಾದ ಡಬ್ಬಿ ಒಡೆದೆ.
ಮುಳ್ಳು ಆಗಲೇ ಸಿಕ್ಕಿಕೊಳ್ಳಬೇಕೆ?
ಹುಡುಗ ಗೀರಿನೊಳಗಿಂದ ಒಂದೇ ಸಮ:
ನೋ ನೋ ನೋ ನೋ ನೋ
ಡಬ್ಬಿ ಪೂರ್ತಿ ಬರಿದಾಗುವ ತನಕ.

ಉಂಡೆವು. ಕಣ್ಣಲ್ಲಿ, ಮೂಗಲ್ಲಿ ನೀರು.
ಕಿಟಕಿಯಾಚೆ ರಿಫೈನರಿಯ ಬೆಂಕಿ ಎಂದಿನಂತೆ
ಯಾರ ಅಡುಗೆಗೂ ಆಗದೆ ಉರಿಯುತ್ತಿತ್ತು.
ಚೀಟಿಯ ಮೇಲೆ ನನ್ನ ಹೆಬ್ಬೆರಳಿನ ಕೆಂಪೆಣ್ಣೆ,
ಹಳೆಯದೊಂದು ಕಲೆಯ ಪಕ್ಕದಲ್ಲೇ.
ಲಕೋಟೆಗೆ ಸೇರಿಸುವ ಮೊದಲು
ಕೆಳಗೆ ಕನ್ನಡದಲ್ಲಿ ಬರೆದೆ:
ಆರು ಜನ ಇದ್ದೆವು. ಹಾಕಿದೆವು.
ಜೀರಿಗೆ ಇನ್ನೊಂದು ಚಮಚ ಆಗಬಹುದಿತ್ತು.