ರಮ್ಸ್ ತನಕ

ದೋಣಿ ನಮ್ಮದೇ. ನಾಲ್ಕು ಜನ, ತಲಾ ಆರುನೂರು ದಿರಹಂ.
ಊರಿಗೆ ಹೊರಟ ಡಚ್ಚನೊಬ್ಬ ಕೊಟ್ಟದ್ದು,
ತೇಪೆ ಹಾಕಿದ ಹಾಯಿ, ಒಂದು ಬಕೆಟ್ಟು, ಅರ್ಧ ಡಬ್ಬಿ ಬಣ್ಣದ ಸಮೇತ.
ಬದಿಯಲ್ಲಿ ಬರೆದ ಹೆಸರು ಅವನ ಭಾಷೆಯದು.
ಬೈಗುಳ ಇದ್ದರೂ ಇರಬಹುದು ಎಂದ ಇಸುಬು.
ಅಳಿಸಲಿಲ್ಲ.

ಶುಕ್ರವಾರ, ಬೆಳಕು ಹರಿಯುವ ಮೊದಲು
ಜಝೀರಾ ಅಲ್ ಹಮ್ರಾದ ಪಾಳುಮನೆಗಳ ಬೆನ್ನಿಗೆ
ಮೊಣಕಾಲ ನೀರಿನಲ್ಲಿ ತಳ್ಳಿದೆವು.
ಗೋಡ್ವಿನ್ ಕ್ರಾಸ್ತಾ ಸೈಟ್ ಎಂಜಿನಿಯರ್, ಅಪ್ಪಣೆ ಕೊಟ್ಟೇ ಅಭ್ಯಾಸ.
ನಾನು ಹಾಜರಿ ಪುಸ್ತಕದವನು: ಏಳು ನಿಮಿಷ ತಡವಾದರೆ
ಕಾಲು ದಿನಕ್ಕೆ ಕೆಂಪು ಶಾಯಿ.
ಇಸುಬು ಬಂದರಿನ ಕ್ರೇನಿನಲ್ಲಿ ಹನ್ನೊಂದು ವರ್ಷ.
ಶೀನ ಖಾರ್ವಿ ನಮ್ಮ ಆಫೀಸಿಗೆ ಚಹಾ ತರುವವನು,
ಗಂಗೊಳ್ಳಿಯವನು.
ಚುಕ್ಕಾಣಿ ಯಾರಿಗೆ ಎಂಬ ಮಾತೇ ಬರಲಿಲ್ಲ.
ಅವನು ಹೋಗಿ ಹಿಂದೆ ಕೂತ, ಅಷ್ಟೆ,
ಎಡಗಿವಿಯನ್ನು ಗಾಳಿಗೆ ಕೊಟ್ಟು.

ಅಳಿವೆ ದಾಟುವಾಗ "ತಲಿ ತಗ್ಸಿ, ಸರ್" ಎಂದ.
ಅಡ್ಡಮರ ಕ್ರಾಸ್ತಾನ ಕೂದಲು ಸವರಿ ಹೋಯಿತು.
ಬಿಸಿಲೇರುವಷ್ಟರಲ್ಲಿ "ತಲಿ ತಗ್ಸ್, ಮಾರಾಯ!"
ಸರ್ ಎಂಬುದು ನಡುವೆ ಎಲ್ಲೋ ನೀರಿಗೆ ಬಿದ್ದಿತ್ತು,
ಯಾರೂ ಎತ್ತಿಕೊಳ್ಳಲು ಹೋಗಲಿಲ್ಲ.

ಬಲಕ್ಕೆ ದಡ. ದಿನವೂ ದುಡಿವ ದಡ,
ಕಡಲಿನಿಂದ ಗುರುತೇ ಹತ್ತದು.
ಅಗೋ ನಿನ್ನ ಹದಿನಾಲ್ಕನೇ ಮಾಳಿಗೆ,
ಅಗೋ ಪೈಪು ಒಡೆದು ಮೂರು ರಾತ್ರಿ ನಿದ್ದೆಗೆಟ್ಟದ್ದು,
ಎಲ್ಲ ಬೆಂಕಿಪೊಟ್ಟಣದಷ್ಟು.
ಹೆಬ್ಬೆರಳು ಅಡ್ಡ ಹಿಡಿದರೆ ಲೇಬರ್ ಕ್ಯಾಂಪೇ ಮಾಯ,
ಮುನ್ನೂರು ಜನ, ಒಣಹಾಕಿದ ಲುಂಗಿಗಳ ಸಮೇತ.
ಕ್ರಾಸ್ತಾ ಹಿಡಿದು ನೋಡಿದ. ಬೇಗ ತೆಗೆದ.

ರಮ್ಸ್ ಹತ್ತಿರವಾದಾಗ ಬೆಟ್ಟ.
ಇಸುಬು ಎದ್ದು ನಿಂತ. ದೋಣಿ ವಾಲಿತು. ಬೈದೆವು. ಕೂರಲಿಲ್ಲ.
ಅವನೇ ದಿನಾ ಹಡಗಿಗೆ ತುಂಬುವ ಬೆಟ್ಟ ಅದು,
ಜಲ್ಲಿಯಾಗಿ ಕುವೈತಿಗೆ, ದೋಹಾಕ್ಕೆ.
ಕ್ರೇನಿನ ಗೂಡಿನಿಂದ ಬರೀ ಹಡಗಿನ ಹೊಟ್ಟೆ ಕಂಡಿದ್ದ.
ಇಲ್ಲಿಂದ ನೋಡಿದರೆ
ಒಂದು ಬದಿ ಕಚ್ಚಿ ತಟ್ಟೆಯಲ್ಲೇ ಬಿಟ್ಟ ರೊಟ್ಟಿ.
"ಇಷ್ಟು ತಿಂದಿದ್ದೇನಾ ನಾನು?"
ಸ್ವಲ್ಪ ಹೊತ್ತು ಬಿಟ್ಟು ಅವನೇ ಹೇಳಿದ:
"ಇನ್ನೂ ಉಂಟಲ್ಲ. ಲೋನು ತೀರುವ ತನಕ ಸಾಕು."

ಅಲ್ಲಿ ಗಾಳಿ ಸತ್ತಿತು.
ಬಂದಾಗ ತೂರಿಕೋ ಎಂದವರು ಕಣದವರು,
ಹೋದಾಗ ಏನು ಮಾಡುವುದೆಂದು ಅವರ ಗಾದೆಯಲ್ಲಿಲ್ಲ.
ಶೀನ ಹಾಯಿಯ ನೆರಳಿಗೆ ತಲೆಯಿಟ್ಟು ಗೊರಕೆ ಹೊಡೆದ.
ನಾನು ಗಡಿಯಾರ ನೋಡಿದೆ. ಮತ್ತೆ ನೋಡಿದೆ.
ಯಾರ ಲೆಕ್ಕಕ್ಕೆ ಬರೆಯಲಿ ಈ ಎರಡು ಗಂಟೆ?
ನೀರು ಎಣ್ಣೆಯಂತೆ. ಕಿತ್ತಳೆ ಸಿಪ್ಪೆಯೊಂದು
ನಾವು ಎಸೆದಲ್ಲೇ ನಿಂತು ನಮ್ಮನ್ನೇ ನೋಡುತ್ತಿತ್ತು.

ಕೋಸ್ಟ್ ಗಾರ್ಡ್ ಬಂತು, ಅಲೆಯೆಬ್ಬಿಸಿಕೊಂಡು.
ಕಪ್ಪು ಕನ್ನಡಕದ ಹುಡುಗ ಬಗ್ಗಿ ಕೇಳಿದ, ನಖುದಾ ಯಾರು?
ಆ ಪದ ನಮ್ಮ ದಡದಲ್ಲೂ ಇದೆ, ತರ್ಜುಮೆ ಬೇಕಾಗಲಿಲ್ಲ.
ಕಾಗದವೆಲ್ಲ ಕ್ರಾಸ್ತಾನ ಹೆಸರಿನಲ್ಲಿ.
ಕ್ರಾಸ್ತಾ ಕಾಗದ ಕೊಟ್ಟು,
ಮಲಗಿದ್ದವನ ಕಡೆ ಬೆರಳು ತೋರಿಸಿದ.
ಹುಡುಗ ಶೀನನ ಕಾರ್ಡು ಓದಿದ. ಹುದ್ದೆ: ಆಫೀಸ್ ಬಾಯ್.
ನಮ್ಮ ಮುಖ ನೋಡಿದ, ಒಂದೊಂದಾಗಿ. ಮತ್ತೆ ಕಾರ್ಡು.
ಶೀನ ಕಣ್ಣುಜ್ಜುತ್ತ ಎದ್ದು
ಮುರುಕು ಅರಬ್ಬಿಯಲ್ಲಿ, ಬಡಗಣ ಮೂಲೆಗೆ ಕೈ ಮಾಡಿ:
ನಾಲ್ಕೂವರೆಗೆ ಗಾಳಿ.
ಹುಡುಗ ನಕ್ಕ, ತಣ್ಣನೆಯ ನಾಲ್ಕು ಬಾಟಲಿ ಎಸೆದ, ಹೋದ.

ಗಾಳಿ ಬಂದದ್ದು ಐದಕ್ಕೆ ಹತ್ತು ನಿಮಿಷ ಇರುವಾಗ.
ತಡ. ಬರೆಯಲಿಲ್ಲ.

ರಮ್ಸ್ ಮುಟ್ಟಲಿಲ್ಲ. ಮಸೀದಿಯ ಹಸಿರು ದೀಪ
ಹೊತ್ತಿಕೊಂಡದ್ದಷ್ಟೇ ಕಂಡು ತಿರುಗಿದೆವು;
ಅಲ್ಲಿ ನಮಗೆ ಕೆಲಸವೂ ಇರಲಿಲ್ಲ.
ಕತ್ತಲಲ್ಲಿ ಸರದಿಯಂತೆ ನೀರು ಮೊಗೆದೆವು,
ಶೀನ ಹೆಸರು ಕೂಗಿದಾಗ ಕೂಗಿದವನು.

ಶನಿವಾರ ಹತ್ತು ಗಂಟೆ. ಡ್ರಾಯಿಂಗು ಹರವಿದ ಮೇಜಿನ ಮೇಲಿಂದ
ಚಹಾದ ತಟ್ಟೆ ಆಚೆಗೆ ದಾಟಿಸಿದ ಶೀನ.
ಕ್ರಾಸ್ತಾ ತಟ್ಟನೆ ತಲೆ ತಗ್ಗಿಸಿದ.
ನಾನೂ.
"ಸಕ್ಕರೆ ಕಡಿಮೆ ಹಾಕಿದ್ದೇನೆ, ಸರ್" ಎಂದ ಶೀನ,
ಹಲ್ಲು ಕಾಣದ ಹಾಗೆ ನಗುತ್ತ.