ನಲವತ್ತೊಂದು

ಕಡೂರಿನ ಬಸ್ ಸ್ಟ್ಯಾಂಡಿನ ಹಿಂದೆ, ಪಂಚರ್ ಅಂಗಡಿಗೆ ಅಂಟಿಕೊಂಡು
ಹಲ್ಲಿನ ಸೆಟ್ ಕಟ್ಟುವ ಅಂಗಡಿ ನನ್ನದು.
ಮೇಣ, ಪ್ಲಾಸ್ಟರು, ಸ್ಪಿರಿಟ್ ದೀಪ,
ಬಾಯಿ ಸಿಗದ ಹಲ್ಲುಗಳು ಡಬ್ಬಿಯಲ್ಲಿ, ನಂಬರಿನ ಪ್ರಕಾರ.

ಕಾವಲಿನಲ್ಲಿ ಕುರಿ ಕಾಯುವ ಗೋಣೀರಪ್ಪ
ಟವೆಲು ಬಿಚ್ಚಿ ಮೇಜಿನ ಮೇಲಿಟ್ಟ:
ಅಂಗೈಯಷ್ಟು ಬುರುಡೆ, ಬಿಸಿಲು ತಿಂದು ಸುಣ್ಣವಾದದ್ದು,
ಕೆಳದವಡೆ ಬೇರೆ, ಉಣ್ಣೆ ದಾರದಲ್ಲಿ ಬಿಗಿದದ್ದು.
"ಗುಳ್ಳೆನರಿ ಕಣಕ್ಕ. ನಮ್ಮ ಹುಡುಗ್ರು ನಾಯಿ ಅಂತಾವೆ.
ಹಲ್ಲು ನೋಡಿ ನೀನೇ ಹೇಳು."

ಹಲ್ಲು ನೋಡುವುದೊಂದೇ ನನಗೆ ಗೊತ್ತಿರುವುದು.
ಬೀರೂರಿನ ದನದ ಡಾಕ್ಟರು ಫೋನಿನಲ್ಲಿ ಲೆಕ್ಕ ಕೊಟ್ಟರು:
ನಾಯಿಯಾಗಲಿ ನರಿಯಾಗಲಿ
ಮೇಲೆ ಇಪ್ಪತ್ತು, ಕೆಳಗೆ ಇಪ್ಪತ್ತೆರಡು.
ಮೂರು ಸಲ ಎಣಿಸಿದೆ. ನಲವತ್ತೊಂದು.

ಎಡಗಡೆ, ಕೆಳಗೆ, ಕಟ್ಟಕಡೆಯದು,
ಜೋಳದ ಕಾಳಿನಷ್ಟೇ ಇರಬೇಕಾದ ದವಡೆಹಲ್ಲು, ಇಲ್ಲ.
ಬಿದ್ದದ್ದಲ್ಲ. ಬಿದ್ದಿದ್ದರೆ ಗುಳಿ,
ಗುಳಿ ಮುಚ್ಚಿದ್ದರೂ ಬೆರಳಿಗೆ ಒಂದು ಒರಟು.
ಇಲ್ಲಿ ಎಲುಬು ನುಣ್ಣಗಿತ್ತು,
ಬಾಗಿಲು ಕೊರೆಯುವುದನ್ನೇ ಮರೆತ ಗೋಡೆ.
"ಇರ್ತವೆ ಕಣಮ್ಮ," ಎಂದರು ಡಾಕ್ಟರು, "ರೋಗ ಅಲ್ಲ."

ಬೇಸಿಗೆಗೆ ಇನ್ನೊಂದು ತಂದ, ಅದೇ ದಿಬ್ಬದ್ದು.
ಇದಕ್ಕೆ ಒಂದು ಹೆಚ್ಚು:
ಕೋರೆಯ ಹಿಂದೆ, ಸಂತೆ ದಿನದ ಬಸ್ಸಿನಲ್ಲಿ
ಇಬ್ಬರ ಸೀಟಿಗೆ ಮೂರನೆಯವರು ತೂರಿದಂತೆ
ಅಡ್ಡಡ್ಡ ಕೂತಿತ್ತು.
ಅದರ ತುದಿಯೂ ಸವೆದಿತ್ತು.
ಎಂದರೆ ಅದೂ ದುಡಿದಿದೆ,
ಜೀರುಂಡೆ ಮುರಿದಿದೆ, ಎಲಚಿ ಬೀಜ ಕಡಿದಿದೆ.

"ದಿನಾ ಎದ್ದು ನರಿ ಮುಖ ನೋಡೋನು ನಾನು,"
ಗೋಣೀರಪ್ಪ ಬೀಡಿ ಹಚ್ಚಿದ,
"ಅದೃಷ್ಟ ಯಾವ ಕಡೆಯಿಂದ ಬತ್ತದೋ ಕಾಣೆ."

ನನ್ನ ಮೇಲುಹಲ್ಲು ಕಿತ್ತದ್ದು ಹದಿನೆಂಟಕ್ಕೆ,
ಗಂಡಿನ ಕಡೆಯವರು ಬರುವ ಹಿಂದಿನ ದಿನ,
ಇದೇ ಕುರ್ಚಿ, ಸೋದರಮಾವನ ಇದೇ ಇಕ್ಕಳ.
ಅವರು ಬರಲೇ ಇಲ್ಲ.
ನಾಲಗೆ ಇನ್ನೂ ಹೋಗಿ ನೋಡಿ ಬರುತ್ತದೆ.

ಮೊನ್ನೆ ಸಿದ್ದಗಂಗಮ್ಮ ಮೇಣದ ಅಚ್ಚು ಬಾಯಿಗಿಟ್ಟು
ಕನ್ನಡಿ ನೋಡಿ ಮುಖ ಸಿಂಡರಿಸಿದಳು:
"ಮುಂದಿನ ಸಂದಿ ಎಲ್ಲಿ ಹೋಯ್ತೇ?
ಎಲೆಯಡಿಕೆ ಉಗುಳೋದು ಹೆಂಗೆ ನಾನು?"
ಹೋದ ವರ್ಷವಾಗಿದ್ದರೆ ನಕ್ಕು
ಸಾಲು ಸರಿಯಿರಲಿ ಬಿಡಜ್ಜಿ ಎನ್ನುತ್ತಿದ್ದೆ.
ಚಾಕು ಕಾಯಿಸಿದೆ. ಎರಡು ಹಲ್ಲು ಸರಿಸಿದೆ,
ಸಾಕಾ ಅಂದೆ, ಇನ್ನೊಂದು ಚೂರು ಅಂದಳು.

ಸೆಟ್ ಕೊಟ್ಟು ಬರುವಾಗ ರಾತ್ರಿಯಾಗಿತ್ತು.
ಮೊದಲ ಮಳೆ ಬಿದ್ದು ಕಾವಲಿನ ತುಂಬ ಈಸಲು.
ಟಿವಿಎಸ್ ದೀಪದೊಳಗೆ ಅದು,
ಕಪ್ಪು ತುದಿಯ ಬಾಲ, ಅವಸರವಿಲ್ಲ,
ಗಾಳಿಯಲ್ಲೇ ಹುಳ ಕಚ್ಚಿ ಕಚ್ಚಿ ತಿನ್ನುತ್ತಿತ್ತು.
ಎಂಜಿನ್ ಆರಿಸಿದೆ.
ನನ್ನ ಕಡೆ ತಿರುಗಿ ಬಾಯಗಲ ಆಕಳಿಸಿತು.

ಎಣಿಸಲು ಹೊರಟೆ.
ಅಷ್ಟರಲ್ಲಿ ಮುಚ್ಚಿಕೊಂಡಿತು.